ತಪ್ಪು ಲೆಕ್ಕದ ವ್ಯಾಖ್ಯಾನ: ಅನುವರ್ತಿ ಬೋಧನಯಂತ್ರಗಳ ವಿಚಾರ

ಮೂರನೆಯ ತರಗತಿಯ ಮಗುವೊಂದು ೫೨ರಲ್ಲಿ ೩೭ನ್ನು ಕಳೆದು ೨೫ ಎಂದು ಬರೆಯಿತೆಂದು ಭಾವಿಸಬಹುದು. ಉಪಾಧ್ಯಾಯನು ಅದರ ಮೇಲೆ ಅಡ್ಡಗೀಟೆಳೆದು, ಪಕ್ಕದಲ್ಲಿ ೧೫ ಎಂದು ತಿದ್ದಿ, ಮುಂದಿನ ಪುಸ್ತಕಕ್ಕೆ ಕೈಹಾಕುವುದು ಲೋಕರೂಢಿ. ಆದರೆ ಆ ೨೫ ಎಂಬುದು ಬಾಯಿಗೆ ಬಂದ ಸಂಖ್ಯೆಯಲ್ಲ. ಬಿಡಿಯ ಸ್ಥಾನದಲ್ಲಿ ೨ರಲ್ಲಿ ೭ ಹೋಗದೆಂದು ಕಂಡ ಮಗು ೭ರಲ್ಲಿ ೨ನ್ನು ಕಳೆದು ೫ನ್ನು ಬರೆದಿದೆ. ಹತ್ತರ ಸ್ಥಾನದಲ್ಲಿ ೫ರಲ್ಲಿ ೩ ಹೋಗಿ ೨ ಉಳಿದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಹಿಂದೊಮ್ಮೆ ಕೇಳಿದ ಮಾತನ್ನು ಅದು ಅಕ್ಷರಶಃ ಪಾಲಿಸಿದೆ. ಉತ್ತರವೇನೋ ತಪ್ಪು, ಆದರೆ ಆ ತಪ್ಪಿಗೆ ಒಂದು ನಿಯಮವುಂಟು.

ಹಳೆಯ ಓಲೆಗಳನ್ನು ಪರಿಷ್ಕರಿಸಿ ಅಚ್ಚು ಹಾಕಿಸುವ ವಿದ್ವಾಂಸರಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ಲಿಪಿಕಾರನು ಱಕಾರದ ಎಡೆಯಲ್ಲಿ ರಕಾರವನ್ನೂ ೞಕಾರದ ಎಡೆಯಲ್ಲಿ ಳಕಾರವನ್ನೂ ಬರೆದಿದ್ದರೆ ಸಂಪಾದಕನು ಅದನ್ನು ಬರಿಯ ಅಜಾಗರೂಕತೆಯೆಂದು ತಳ್ಳಿಬಿಡುವುದಿಲ್ಲ. ಆ ಅಕ್ಷರಗಳ ಉಚ್ಚಾರಣೆಯು ಲಿಪಿಕಾರನ ಕಾಲಕ್ಕೆ ಮರೆತುಹೋಗಿದ್ದಿತೆಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ತೆಗೆದುಕೊಳ್ಳುವನು. ಎರಡು ಪ್ರತಿಗಳಲ್ಲಿ ಒಂದೇ ವಿಧವಾದ ಸ್ಖಾಲಿತ್ಯಗಳು ಮೇಲಿಂದ ಮೇಲೆ ಕಂಡುಬಂದರೆ ಅವೆರಡಕ್ಕೂ ಮೂಲಪ್ರತಿ ಒಂದೇ ಇರಬೇಕೆಂದು ಊಹಿಸುವನು. ತಪ್ಪನ್ನು ಎಣಿಸುವುದು ಬೇರೆ, ತಪ್ಪನ್ನು ಓದುವುದು ಬೇರೆ. ಪ್ರಾಥಮಿಕ ಶಾಲೆಯ ಗಣಿತವನ್ನು ಕಲಿಸುವುದಕ್ಕೆಂದು ಈಚಿನ ದಶಕಗಳಲ್ಲಿ ಹಬ್ಬುತ್ತಿರುವ ಅನುವರ್ತಿ ಬೋಧನಯಂತ್ರಗಳನ್ನು, ಎಂದರೆ ಇಂಗ್ಲಿಷಿನಲ್ಲಿ ಅಡಾಪ್ಟಿವ್ ಲರ್ನಿಂಗ್ ಎಂಬ ಹೆಸರನ್ನು ಪಡೆದ ಸಾಧನಗಳನ್ನು, ಪರೀಕ್ಷಿಸುವುದಕ್ಕೆ ಈ ಭೇದಕ್ಕಿಂತ ತಕ್ಕ ಒರೆಗಲ್ಲು ಇನ್ನೊಂದಿಲ್ಲ.

ಈ ಸಾಧನದ ಕ್ರಮವನ್ನು ಮೊದಲು ಹೇಳಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಪಠ್ಯಪುಸ್ತಕದ ಒಂದೇ ಪುಟವು ಒಂದೇ ದಿನ ಎಲ್ಲರ ಮುಂದೆಯೂ ತೆರೆಯುವುದು. ಅದು ಕೆಲವರಿಗೆ ಆಗಲೇ ತಿಳಿದುದಾಗಿಯೂ ಹಲವರಿಗೆ ಎಂದಿಗೂ ತಿಳಿಯದುದಾಗಿಯೂ ಇರಬಹುದು. ಅನುವರ್ತಿ ಯಂತ್ರವು ಆ ಪುಟವನ್ನು ಸಣ್ಣ ಸಣ್ಣ ಪ್ರಶ್ನೆಗಳನ್ನಾಗಿ ಒಡೆದು, ಮಗು ಕೊಟ್ಟ ಉತ್ತರವನ್ನು ನೋಡಿಕೊಂಡು ಮುಂದಿನ ಪ್ರಶ್ನೆಯನ್ನು ಆಯುವುದು. ಸರಿಯಾದರೆ ಒಂದು ಮೆಟ್ಟಿಲು ಮೇಲೆ, ತಪ್ಪಾದರೆ ಒಂದು ಮೆಟ್ಟಿಲು ಕೆಳಗೆ. ಹೀಗೆ ಒಂದೇ ಕೊಠಡಿಯಲ್ಲಿ ಕುಳಿತ ಮಕ್ಕಳು ಬೇರೆ ಬೇರೆ ಪಾಠಗಳನ್ನು ನೋಡುತ್ತಿರುವರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ಯಾಟ್ರಿಕ್ ಸುಪ್ಪೀಸ್ ೧೯೬೬ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಅಲೆಗ್ಸಾಂಡರನಿಗೆ ಅರಿಸ್ಟಾಟಲನು ದೊರೆತಂತೆ ಇನ್ನು ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಮಕ್ಕಳಿಗೆ ಸ್ವಂತ ಗುರು ದೊರೆಯುವನೆಂದು ಭವಿಷ್ಯ ನುಡಿದರು. ಆ ಮಾತು ಅಂದಿನಿಂದ ಇಂದಿನವರೆಗೆ ಯಂತ್ರದ ಪಕ್ಷಪಾತಿಗಳ ಬಾಯಲ್ಲಿ ನಾನಾ ರೂಪಗಳಲ್ಲಿ ಕೇಳಿಬರುತ್ತಲೇ ಇದೆ.

ಮಗುವಿನ ಮಟ್ಟಕ್ಕೆ ತಕ್ಕಂತೆ ಪಾಠವೆಂಬುದು ಯಂತ್ರದಿಂದ ಹುಟ್ಟಿದ ಆಲೋಚನೆಯೆಂದು ಮಾತ್ರ ತಿಳಿಯಬಾರದು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ೧೮೨೩ರಲ್ಲಿ ಬರೆದ ವರದಿಯಲ್ಲಿ ಆ ಜಿಲ್ಲೆಯ ೫೩೩ ಶಾಲೆಗಳನ್ನೂ ಅವುಗಳಲ್ಲಿ ಓದುತ್ತಿದ್ದ ೬,೬೪೧ ಮಂದಿ ವಿದ್ಯಾರ್ಥಿಗಳನ್ನೂ ಲೆಕ್ಕ ಹಾಕಿದ್ದಾನೆ. ಶಾಲೆಯೊಂದಕ್ಕೆ ಹನ್ನೆರಡು ಹದಿಮೂರು ಹುಡುಗರಾದರು. ಬೆಳಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಬೆತ್ತದ ಏಟು ಎಂಬ ವಿನೋದವಾದ ವಿವರವೂ ಅಲ್ಲಿ ಬರುತ್ತದೆ. ಪ್ರಕೃತಕ್ಕೆ ಬೇಕಾದುದು ಇಷ್ಟು: ಆ ಶಾಲೆಗಳಲ್ಲಿ ಹುಡುಗರನ್ನು ಅವರವರು ಕಲಿತ ಮಟ್ಟಕ್ಕನುಸಾರವಾಗಿ ಗುಂಪು ಮಾಡುತ್ತಿದ್ದರು, ಮುಂದುವರಿದವರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಈ ಏರ್ಪಾಡನ್ನು ಕ್ಯಾಂಬೆಲ್ ಮನಸಾರೆ ಹೊಗಳಿದ್ದಾನೆ. ಆದರೆ ಅದೇ ವರದಿಯಲ್ಲಿ, ಹುಡುಗರು ಬಾಯಿಪಾಠ ಒಪ್ಪಿಸುವುದನ್ನು ಬಲ್ಲರೇ ಹೊರತು ಅರ್ಥವನ್ನರಿಯರೆಂದೂ ಆಕ್ಷೇಪಿಸಿದ್ದಾನೆ. ಮಟ್ಟವು ಹೊಂದಿದರೂ ಅರ್ಥವು ಹೊಂದದೆ ಹೋಗಬಹುದೆಂಬ ಈ ಎರಡಲಗಿನ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯು ಸುಲಭವಾಗಿ ಅರ್ಥವಾಗುತ್ತದೆ.

ಯಂತ್ರದ ಪೂರ್ವೇತಿಹಾಸವನ್ನು ವಿಸ್ತರಿಸುವ ಅಗತ್ಯವಿಲ್ಲ. ಅಮೆರಿಕದ ಒಹಾಯೊ ಪ್ರಾಂತದ ಸಿಡ್ನಿ ಪ್ರೆಸ್ಸಿ ೧೯೨೬ರಲ್ಲಿ ಪ್ರಶ್ನೆ ಕೇಳಿ ಉತ್ತರವನ್ನು ತಾನೇ ಪರೀಕ್ಷಿಸುವ ಒಂದು ಸಣ್ಣ ಉಪಕರಣವನ್ನು ವರ್ಣಿಸಿದರು. ೧೯೫೩ರಲ್ಲಿ ಬಿ. ಎಫ್. ಸ್ಕಿನ್ನರ್ ತಮ್ಮ ಮಗಳ ನಾಲ್ಕನೆಯ ತರಗತಿಯ ಗಣಿತಪಾಠವನ್ನು ನೋಡಲು ಹೋಗಿ, ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಮಕ್ಕಳಿಗೆ ಕೂಡಲೆ ತಿಳಿಯದಿರುವುದನ್ನೂ ಎಲ್ಲರೂ ಒಂದೇ ವೇಗದಲ್ಲಿ ನಡೆಯಬೇಕಾಗಿರುವುದನ್ನೂ ಕಂಡು ಅಸಮಾಧಾನಪಟ್ಟು, ತಮ್ಮದೇ ಒಂದು ಯಂತ್ರವನ್ನು ನಿರ್ಮಿಸಿದರು. ಮೇಲೆ ಹೇಳಿದ ಸುಪ್ಪೀಸರ ಕಾರ್ಯವು ೧೯೬೦ರ ದಶಕದಲ್ಲಿ ನಡೆಯಿತು: ಪ್ರಾಥಮಿಕ ಶಾಲೆಯಲ್ಲಿಟ್ಟ ಟೆಲಿಟೈಪುಗಳನ್ನು ಟೆಲಿಫೋನ್ ತಂತಿಯ ಮೂಲಕ ವಿಶ್ವವಿದ್ಯಾನಿಲಯದ ಗಣಕಯಂತ್ರಕ್ಕೆ ಜೋಡಿಸಿ ದಿನವೂ ಕೂಡುವ ಕಳೆಯುವ ಲೆಕ್ಕಗಳನ್ನು ಕೊಡುತ್ತಿದ್ದರು. ಒಂದೊಂದು ವಿಷಯಕ್ಕೂ ಐದು ಮಟ್ಟಗಳು. ನೂರಕ್ಕೆ ಎಂಬತ್ತು ಸರಿಯಾದರೆ ಮಗು ಮರುದಿನ ಮೇಲಿನ ಮಟ್ಟಕ್ಕೆ, ಅರುವತ್ತಕ್ಕಿಂತ ಕಡಮೆಯಾದರೆ ಕೆಳಗಿನ ಮಟ್ಟಕ್ಕೆ. ಈ ನಡುವೆ ಮಗು ಬರೆದ ತಪ್ಪು ಉತ್ತರ ಯಾವುದೆಂಬುದಕ್ಕೆ ಸ್ಥಾನವಿರಲಿಲ್ಲ. ತಪ್ಪುಗಳೆಷ್ಟು ಎಂಬುದೊಂದೇ ಬೇಕಾಗಿದ್ದಿತು. ಈ ಎಂಬತ್ತೆಂಬ ಸಂಖ್ಯೆಯು ಇನ್ನೊಮ್ಮೆ ಬರಲಿದೆ.

ಈ ವಿಷಯದ ಮೇಲೆ ಹೊರಟಿರುವ ಗ್ರಂಥರಾಶಿಯಲ್ಲಿ ಸಾಹಿತ್ಯದ ಓದುಗನು ಮೊದಲು ಕೈಗೆತ್ತಿಕೊಳ್ಳಬೇಕಾದುದು ಸ್ಟ್ಯಾನ್ಲಿ ಅರ್ಲ್‌ವಾಂಗರ್ ಎಂಬ ಸಂಶೋಧಕರು ೧೯೭೩ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ಇದರಲ್ಲಿ ಅಂಕಿ ಅಂಶಗಳ ಕೋಷ್ಟಕಗಳ ಆಡಂಬರವಿಲ್ಲ. ಒಬ್ಬ ಹುಡುಗನ ಮಾತಿದೆ, ಅಷ್ಟೆ. ಬೆನ್ನಿ ಎಂಬ ಕಲ್ಪಿತ ನಾಮವನ್ನು ಆ ಹುಡುಗನಿಗೆ ಕೊಟ್ಟಿದ್ದಾರೆ. ವಯಸ್ಸು ಹನ್ನೆರಡು, ಆರನೆಯ ತರಗತಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಕಲಿಕೆಯ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡು ೧೯೬೪ರಲ್ಲಿ ಶಾಲೆಗೆ ಬಂದ ವ್ಯಕ್ತಿನಿಯತ ಬೋಧನಕ್ರಮವೊಂದರಲ್ಲಿ ಅವನು ಎರಡನೆಯ ತರಗತಿಯಿಂದಲೂ ಗಣಿತವನ್ನು ಕಲಿಯುತ್ತಿದ್ದನು. ಆ ಕ್ರಮದಲ್ಲಿ ಪ್ರತಿಯೊಂದು ಮಗುವಿಗೂ ಅದರ ಮಟ್ಟಕ್ಕೆ ತಕ್ಕ ಪಾಠದ ಹಾಳೆಗಳು. ಮಗು ತನ್ನಷ್ಟಕ್ಕೆ ತಾನು ಓದಿ, ಲೆಕ್ಕ ಮಾಡಿ, ಪರೀಕ್ಷೆ ಬರೆಯುವುದು. ಉತ್ತರದ ಪಟ್ಟಿಯನ್ನಿಟ್ಟುಕೊಂಡ ಸಹಾಯಕಿಯೊಬ್ಬಳು ಗುರುತು ಹಾಕುವಳು. ನೂರಕ್ಕೆ ಎಂಬತ್ತು ಬಂದರೆ ಮುಂದಿನ ಹಾಳೆ. ಬೆನ್ನಿಯು ಈ ಮೆಟ್ಟಿಲುಗಳನ್ನು ಇತರರಿಗಿಂತ ಬೇಗಬೇಗನೆ ಏರಿದ್ದನು. ಅವನ ಉಪಾಧ್ಯಾಯಿನಿಯ ಅಭಿಪ್ರಾಯದಲ್ಲಿ ಅವನು ಒಳ್ಳೆಯ ವಿದ್ಯಾರ್ಥಿ.

ಅರ್ಲ್‌ವಾಂಗರರು ಮಾಡಿದುದು ಇಷ್ಟೇ: ಹುಡುಗನ ಜೊತೆಯಲ್ಲಿ ಕುಳಿತು, ನೀನು ಹೀಗೇಕೆ ಬರೆದೆ ಎಂದು ಕೇಳಿದರು. ೨/೧೦ನ್ನು ದಶಮಾಂಶವಾಗಿ ಬರೆಯೆಂದರೆ ಬೆನ್ನಿಯ ಉತ್ತರ ೧.೨. ೫/೧೦ಕ್ಕೆ ೧.೫. ಕಾರಣ ಕೇಳಿದರೆ ಅವನಲ್ಲಿ ಸಿದ್ಧವಾಗಿದೆ: ಅಂಶವನ್ನೂ ಛೇದವನ್ನೂ ಕೂಡಿಸು, ೨ ಮತ್ತು ೧೦ ಸೇರಿ ೧೨, ಬಳಿಕ ಬಿಂದುವನ್ನಿಡು. ಹೀಗಾಗಿ ೪/೧೧ಕ್ಕೂ ೧.೫, ಅದನ್ನು ತಲೆಕೆಳಗು ಮಾಡಿದ ೧೧/೪ಕ್ಕೂ ೧.೫, ಇವೆರಡೂ ಸಮವೆನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಶಂಕೆಯಿಲ್ಲ. ೪೦೦/೪೦೦ ಎಂಬುದು ಅವನ ಲೆಕ್ಕದಲ್ಲಿ ೮.೦೦. ಇನ್ನು ೦.೩ಕ್ಕೆ ೦.೪ನ್ನು ಕೂಡಿಸಿದರೆ ೦.೦೭: ಬಿಂದುವಿನ ಬಲಕ್ಕೆ ಇಲ್ಲೊಂದು ಅಂಕೆ ಅಲ್ಲೊಂದು ಅಂಕೆ ಇರುವುದರಿಂದ ಉತ್ತರದಲ್ಲಿ ಎರಡು ಸ್ಥಾನಗಳಿರಬೇಕು. ಗುಣಾಕಾರದಲ್ಲಿ ಈ ನಿಯಮವೇ ಸರಿ, ೦.೩ನ್ನು ೦.೪ರಿಂದ ಗುಣಿಸಿದರೆ ೦.೧೨ ಬರುವುದು. ಒಂದೆಡೆ ಸಾಧುವಾದ ಸೂತ್ರವನ್ನು ಅದು ಸಲ್ಲದ ಇನ್ನೊಂದೆಡೆಗೆ ಎಳೆದಿದ್ದಾನೆ. ವ್ಯಾಕರಣವನ್ನು ಬೋಧಿಸುವವರು ಇಂಥ ತಪ್ಪನ್ನು ದಿನವೂ ಕಾಣುತ್ತಿರುವರು; ಹೊಸದಾಗಿ ಸಂಧಿಯನ್ನು ಕಲಿತ ಹುಡುಗನು ಸಂಧಿಯಿಲ್ಲದಲ್ಲಿಯೂ ಸಂಧಿಮಾಡುವನು.

ಇಷ್ಟಾದರೂ ಬೆನ್ನಿಗೆ ಎಂಬತ್ತು ಹೇಗೆ ಬರುತ್ತಿದ್ದಿತು? ಪ್ರಬಂಧದ ತಿರುಳಿರುವುದು ಈ ಪ್ರಶ್ನೆಯಲ್ಲಿ. ಹಾಳೆಯ ಬಹುಪಾಲು ಲೆಕ್ಕಗಳು ಒಂದೇ ಅಚ್ಚಿನವಾದುದರಿಂದ ಆ ಅಚ್ಚಿಗೆ ಒಪ್ಪುವ ನಿಯಮವೊಂದನ್ನು ಹೆಣೆದುಕೊಂಡರೆ ಸಾಕಾಗುತ್ತಿದ್ದಿತು. ತಪ್ಪಾದರೆ ಉತ್ತರವನ್ನು ಬೇರೆ ರೂಪದಲ್ಲಿ ಬರೆದು ನೋಡಬಹುದಾಗಿದ್ದಿತು. ಉತ್ತರದ ಪಟ್ಟಿಯಲ್ಲಿ ೧/೨ ಎಂದಿದ್ದು ಅವನು ೨/೪ ಎಂದು ಬರೆದರೆ ತಪ್ಪೆಂಬ ಗುರುತು ಬೀಳುತ್ತಿದ್ದಿತು; ಇವೆರಡೂ ಒಂದೇ ಎಂಬುದು ಅವನಿಗೆ ಗೊತ್ತು, ಪಟ್ಟಿಗೆ ಗೊತ್ತಿಲ್ಲ. ಇಲ್ಲಿ ಹುಡುಗನದೇ ಸರಿ, ಪಟ್ಟಿಯದೇ ತಪ್ಪು. ಆದರೆ ಇದರಿಂದ ಅವನು ತೆಗೆದ ನಿರ್ಣಯವು ಭಯಂಕರವಾದುದು: ಗಣಿತದ ಉತ್ತರಗಳೆಂಬವು ಯಾರೋ ಗೊತ್ತುಮಾಡಿಟ್ಟವು; ನಿಯಮಗಳನ್ನು ಯಾರೋ ಕಟ್ಟಿದ್ದಾರೆ; ಕಲಿಯುವವನ ಕೆಲಸವೆಂದರೆ ಬಚ್ಚಿಟ್ಟ ಉತ್ತರವನ್ನು ಬೆನ್ನಟ್ಟಿ ಹಿಡಿಯುವುದು. ನಾಲ್ಕು ವರ್ಷಗಳ ಕಾಲ ಒಬ್ಬ ಬುದ್ಧಿವಂತ ಹುಡುಗನಿಗೆ ಅವನ ಮಟ್ಟಕ್ಕೆ ತಕ್ಕ ಪಾಠವನ್ನು ಕೊಟ್ಟುದರ ಫಲವಿದು. ಅವನ ಬುದ್ಧಿಯ ಚುರುಕೇ ಅವನ ಅಜ್ಞಾನಕ್ಕೆ ಮರೆಯಾಗಿ ನಿಂತಿತು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಪಿಟ್ಸ್‌ಬರ್ಗಿನದು ಕಾಗದದ ಕ್ರಮ. ಗಣಕಯಂತ್ರವು ಅಷ್ಟು ಮೊದ್ದಲ್ಲ. ೧/೨ ಮತ್ತು ೨/೪ ಒಂದೇ ಎಂಬುದನ್ನು ಅದು ಕ್ಷಣದಲ್ಲಿ ಅರಿಯುವುದು ಎನ್ನುವರು. ಆ ಮಾತು ನಿಜ. ಆದರೆ ೪/೧೧ಕ್ಕೆ ೧.೫ ಎಂಬ ಉತ್ತರ ಬಂದಾಗ ಅದನ್ನು ತಪ್ಪೆಂದು ಗುರುತಿಸಿ ಇನ್ನೂ ಸುಲಭವಾದ ದಶಮಾಂಶದ ಪ್ರಶ್ನೆಯನ್ನು ಮುಂದಿಟ್ಟರೆ, ಬೆನ್ನಿಯ ನಿಯಮವು ಮುಟ್ಟದೆ ಉಳಿಯುವುದು. ಯಂತ್ರವು ಆ ನಿಯಮವನ್ನು ಊಹಿಸಬಲ್ಲುದೇ? ಈ ಪ್ರಶ್ನೆಗೆ ಸರಿಯಾಗಿ ಎದುರುನಿಂತವರು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್. ೧೯೭೮ರಲ್ಲಿ ಪ್ರಕಟವಾದ ಅವರ ಲೇಖನವು ವ್ಯವಕಲನವೊಂದನ್ನೇ ಹಿಡಿದು, ಅದರಲ್ಲಿ ಮಕ್ಕಳು ಮಾಡುವ ತಪ್ಪುಗಳನ್ನು ತಪ್ಪು ನಿಯಮಗಳಾಗಿ ವಿಂಗಡಿಸಿತು. ಈ ಲೇಖನದ ಆರಂಭದ ೨೫ ಎಂಬ ಉತ್ತರವು ಅವುಗಳಲ್ಲೊಂದು. ಇನ್ನೊಂದು ಹೀಗೆ: ೨೦೩ರಲ್ಲಿ ೬೭ನ್ನು ಕಳೆಯಬೇಕಾದಾಗ ಮಗು ಸೊನ್ನೆಯಿಂದ ಎರವಲು ತೆಗೆದು ಅದನ್ನು ೯ ಮಾಡುವುದು, ಆದರೆ ಆ ಸೊನ್ನೆಗೆ ನೂರರ ಸ್ಥಾನದಿಂದ ಎರವಲು ತರುವುದನ್ನು ಬಿಟ್ಟುಬಿಡುವುದು, ಆಗ ೧೩೬ರ ಬದಲು ೨೩೬ ಬರುವುದು. ನಿಕರಾಗುವ ದೇಶದ ಸಾವಿರದ ಮುನ್ನೂರಕ್ಕೂ ಮಿಕ್ಕ ಮಕ್ಕಳ ಉತ್ತರಗಳ ಮೇಲೆ ಅವರು ತಮ್ಮ ಈ ವಿಂಗಡಣೆಯನ್ನು ಪ್ರಯೋಗಿಸಿ ನೋಡಿದರು.

ಈ ಕೃತಿಯಿಂದ ಹೊರಡುವ ಒಂದು ಮಾತು ಪ್ರಶ್ನಪತ್ರಿಕೆಗಳನ್ನು ಬರೆಯುವವರೆಲ್ಲರಿಗೂ ಬೇಕಾದುದು. ೫೮ರಲ್ಲಿ ೨೩ ಕಳೆಯೆಂದು ಕೇಳಿದರೆ, ದೊಡ್ಡದರಿಂದ ಚಿಕ್ಕದನ್ನು ಕಳೆಯುವ ತಪ್ಪು ನಿಯಮದ ಮಗುವೂ ೩೫ ಎಂದೇ ಬರೆಯುವುದು. ಪ್ರಶ್ನೆಯು ಎರಡು ಬಗೆಯ ತಿಳಿವಳಿಕೆಗಳನ್ನು ಬೇರ್ಪಡಿಸಲಾರದೆ ಹೋಯಿತು. ಸರಿಯುತ್ತರಗಳು ಹತ್ತು ಬಂದರೂ ಅವುಗಳಿಂದ ಏನೂ ಗೊತ್ತಾಗದಿರಬಹುದು. ತಕ್ಕುದಾಗಿ ಆಯ್ದ ಒಂದೇ ಪ್ರಶ್ನೆಗೆ ಬಂದ ತಪ್ಪುತ್ತರವು ಎಲ್ಲವನ್ನೂ ಹೇಳಬಹುದು. ಎರಡು ಪಾಠಾಂತರಗಳಲ್ಲಿ ಯಾವುದು ಕವಿಯದೆಂದು ತೀರ್ಮಾನಿಸಬೇಕಾದ ಸಂಪಾದಕನು ಎರಡಕ್ಕೂ ಒಪ್ಪುವ ಪ್ರಯೋಗಗಳನ್ನು ಬಿಟ್ಟು, ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಒಪ್ಪದ ಪ್ರಯೋಗವನ್ನೇ ಹುಡುಕುವಂತೆ, ಪ್ರಶ್ನೆಯನ್ನು ಆಯುವವನೂ ಹುಡುಕಬೇಕು. ಅನುವರ್ತಿ ಯಂತ್ರದ ನಿಜವಾದ ಗ್ರಂಥಕರ್ತೃವು ಈ ಪ್ರಶ್ನೆಗಳನ್ನು ಬರೆದವನೇ. ಅವನ ಹೆಸರು ಎಲ್ಲಿಯೂ ಅಚ್ಚಾಗುವುದಿಲ್ಲ.

ಬ್ರೌನ್ ಬರ್ಟನ್ನರ ಪಕ್ಷಕ್ಕೆ ಮುಂದೆ ಎರಡು ಪೆಟ್ಟುಗಳು ಬಿದ್ದುವು; ಅವನ್ನು ಮರೆಮಾಚುವುದು ನ್ಯಾಯವಲ್ಲ. ಮಕ್ಕಳ ತಪ್ಪು ನಿಯಮಗಳು ಸ್ಥಿರವಾಗಿ ನಿಲ್ಲುವುದಿಲ್ಲವೆಂದು ಕರ್ಟ್ ವ್ಯಾನ್ ಲೇನ್ ಮೊದಲಾದವರು ೧೯೮೦ರ ದಶಕದಲ್ಲಿ ತೋರಿಸಿದರು. ಇಂದು ಒಂದು ನಿಯಮವನ್ನು ಹಿಡಿದ ಮಗು ಕೆಲವು ದಿನಗಳ ಬಳಿಕ ಇನ್ನೊಂದನ್ನು ಹಿಡಿಯುವುದು. ಎರಡನೆಯದಾಗಿ, ಡೆರೆಕ್ ಸ್ಲೀಮನ್ ಮತ್ತು ಅವರ ಸಂಗಡಿಗರು ೧೯೮೯ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ವಿದ್ಯಾರ್ಥಿಯ ತಪ್ಪನ್ನು ಬಗೆದು ಅದಕ್ಕೆ ತಕ್ಕ ತಿದ್ದುಪಾಟನ್ನು ಕೊಟ್ಟರೂ, ಅದನ್ನು ಲೆಕ್ಕಿಸದೆ ಸರಿಯಾದ ಕ್ರಮವನ್ನು ಮತ್ತೊಮ್ಮೆ ಹೇಳಿಕೊಟ್ಟರೂ, ಫಲವು ಹೆಚ್ಚು ಕಡಮೆ ಒಂದೇ ಆಯಿತು. ಹಾಗಿದ್ದಲ್ಲಿ ತಪ್ಪನ್ನು ಓದುವ ಶ್ರಮವೇಕೆ? ಎರಡನೆಯ ಆಕ್ಷೇಪಕ್ಕೆ ಉತ್ತರವುಂಟು. ಅವು ಪ್ರೌಢಶಾಲೆಯ ಬೀಜಗಣಿತದ ಪರೀಕ್ಷೆಗಳು. ಅಲ್ಲಿನ ತಿದ್ದುಪಾಟೂ ಕ್ರಮವನ್ನು ತಿದ್ದಿತೇ ಹೊರತು ಕ್ರಮದ ಹಿಂದಿನ ಅರ್ಥವನ್ನು ಮುಟ್ಟುವುದು ಅದರ ಉದ್ದೇಶವಾಗಿರಲಿಲ್ಲ. ಮೊದಲನೆಯ ಆಕ್ಷೇಪವು ಹೆಚ್ಚು ಬಲವಾದುದು. ಅದಕ್ಕೆ ಹೇಳಬಹುದಾದುದು ಇಷ್ಟೇ: ನಿಯಮ ಬದಲಾಗುತ್ತಿದ್ದರೂ ನಿಯಮಕ್ಕೆ ಎಡೆಕೊಟ್ಟ ಕೊರತೆಯು, ಎಂದರೆ ಹತ್ತು ಬಿಡಿಗಳು ಸೇರಿ ಒಂದು ಹತ್ತಾಗಿದೆಯೆಂಬ ತಿಳಿವಳಿಕೆಯ ಅಭಾವವು, ಒಂದೇ ಆಗಿರಬಹುದು. ಲಿಪಿಕಾರನು ಒಮ್ಮೆ ಳಕಾರವನ್ನೂ ಒಮ್ಮೆ ರಕಾರವನ್ನೂ ಬರೆದರೂ ಅವನಿಗೆ ೞಕಾರ ತಿಳಿಯದೆಂಬುದು ಎರಡರಿಂದಲೂ ಸಿದ್ಧವಾಗುವುದು.

ಆದರೆ ಯಂತ್ರನಿರ್ಮಾಪಕರಲ್ಲಿ ಬಹುಮಂದಿ ಈ ಕಷ್ಟವನ್ನು ಕಂಡು ಬೇರೆ ದಾರಿ ಹಿಡಿದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆಂಡರ್ಸನ್ ೧೯೯೫ರಲ್ಲಿ ಪ್ರಕಟಿಸಿದ ಗಣನಕ್ರಮವು ಈ ದಾರಿಯ ಮೂಲಗ್ರಂಥವೆನ್ನಬಹುದು. ಅದರಲ್ಲಿ ಒಂದೊಂದು ಕೌಶಲಕ್ಕೂ ನಾಲ್ಕು ಸಂಖ್ಯೆಗಳು: ಮಗುವಿಗೆ ಮೊದಲೇ ತಿಳಿದಿರುವ ಸಂಭವ, ಒಂದು ಪ್ರಯತ್ನದಿಂದ ಕಲಿಯುವ ಸಂಭವ, ತಿಳಿಯದೆಯೂ ಊಹೆಯಿಂದ ಸರಿಯಾಗಿ ಬರೆಯುವ ಸಂಭವ, ತಿಳಿದೂ ಕೈತಪ್ಪುವ ಸಂಭವ. ಪ್ರತಿಯೊಂದು ಉತ್ತರವೂ ಬಂದಂತೆ ಯಂತ್ರವು ತನ್ನ ನಂಬಿಕೆಯನ್ನು ಏರಿಳಿಸಿಕೊಂಡು, ಅದು ನೂರಕ್ಕೆ ತೊಂಬತ್ತೈದನ್ನು ಮುಟ್ಟಿದರೆ ಮುಂದಿನ ಕೌಶಲಕ್ಕೆ ಹೋಗುವುದು. ಗಣನೆಯು ಚೊಕ್ಕವಾದುದು, ಮಗು ತಿಳಿದೂ ತಪ್ಪಬಹುದು, ತಿಳಿಯದೆಯೂ ಸರಿಯಾಗಬಹುದು ಎಂಬ ಅನುಭವಸಿದ್ಧವಾದ ವಿಷಯಕ್ಕೆ ಅದರಲ್ಲಿ ಸ್ಥಾನವಿರುವುದು ಮೆಚ್ಚತಕ್ಕುದು. ಹಾಗಾದರೂ ಅದರ ಕಣ್ಣಿಗೆ ೨೫, ೨೪, ೮೯ ಎಂಬ ಮೂರು ತಪ್ಪುತ್ತರಗಳೂ ಒಂದೇ. ೫೨ರಲ್ಲಿ ೩೭ ಕಳೆಯೆಂದರೆ ೮೯ ಎಂದು ಬರೆದ ಮಗು ಗುರುತನ್ನು ನೋಡದೆ ಕೂಡಿಸಿಬಿಟ್ಟಿದೆ. ಅದಕ್ಕೆ ಬೇಕಾದುದು ಪಾಠವಲ್ಲ, ಕಣ್ಣು. ಮೂವರನ್ನೂ ಒಂದೇ ಮೆಟ್ಟಿಲಿಗೆ ಇಳಿಸುವುದು ಎಣಿಕೆಯಾದೀತು, ಓದಾಗಲಾರದು.

ಇಷ್ಟನ್ನು ಓದಿದವರಿಗೆ ಅನುವರ್ತಿ ಯಂತ್ರವು ನಿಷ್ಪ್ರಯೋಜಕವೆಂದು ತೋರಬಹುದು. ಹಾಗೆ ತೀರ್ಮಾನಿಸುವುದಕ್ಕೆ ದೆಹಲಿಯ ಪರೀಕ್ಷೆಯೊಂದು ಅಡ್ಡಬರುತ್ತದೆ. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂಡ್ರೊ ಗನಿಮಿಯನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ೨೦೧೫ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ೬೧೯ ಮಂದಿ ಮಕ್ಕಳನ್ನು ತೆಗೆದುಕೊಂಡು, ಚೀಟಿಯೆತ್ತಿ ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಶಾಲೆಯ ಹೊತ್ತಿನ ಆಚೆಗೆ ಮೈಂಡ್‌ಸ್ಪಾರ್ಕ್ ಎಂಬ ಯಂತ್ರಪಾಠದ ಕೇಂದ್ರಗಳಲ್ಲಿ ಉಚಿತವಾಗಿ ಕಲಿಯುವ ಅವಕಾಶವನ್ನು ಕೊಟ್ಟರು. ದಿನಕ್ಕೆ ನಲವತ್ತೈದು ನಿಮಿಷ ಯಂತ್ರದ ಮುಂದೆ, ನಲವತ್ತೈದು ನಿಮಿಷ ಸಣ್ಣ ಗುಂಪಿನಲ್ಲಿ ಸಹಾಯಕ ಬೋಧಕರ ಮುಂದೆ. ನಾಲ್ಕೂವರೆ ತಿಂಗಳ ಬಳಿಕ, ಅವಕಾಶ ಪಡೆದ ಮಕ್ಕಳು ಪಡೆಯದವರಿಗಿಂತ ಗಣಿತದಲ್ಲಿ ಪ್ರಮಾಣ ವಿಚಲನೆಯ ೦.೩೭ರಷ್ಟೂ ಹಿಂದಿಯಲ್ಲಿ ೦.೨೩ರಷ್ಟೂ ಮುಂದಿದ್ದರು. ಇಷ್ಟು ಅಲ್ಪಕಾಲದಲ್ಲಿ ಇದು ದೊಡ್ಡ ಲಾಭವೇ ಸರಿ. ೨೦೧೯ರಲ್ಲಿ ಪ್ರಕಟವಾದ ಅವರ ಪ್ರಬಂಧವು ಈ ಕ್ಷೇತ್ರದಲ್ಲಿ ಬಹುವಾಗಿ ಉದಾಹೃತವಾಗುತ್ತಿದೆ.

ಆದರೆ ಪ್ರಬಂಧದ ನಿಜವಾದ ಸಾರವು ಆ ಎರಡು ಸಂಖ್ಯೆಗಳಲ್ಲಿಲ್ಲ. ಯಂತ್ರವು ಆರಂಭದಲ್ಲಿ ಮಾಡಿದ ಪರೀಕ್ಷೆಯಿಂದ, ಆರನೆಯ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದೆಯೆಂದೂ, ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಈ ಅಂತರವು ನಾಲ್ಕೂವರೆಗೆ ಬೆಳೆಯುವುದೆಂದೂ ಗೊತ್ತಾಯಿತು. ಎಂದರೆ ಮಗು ಮುಂದಕ್ಕೆ ಹೋದಂತೆಲ್ಲ ಪಠ್ಯಪುಸ್ತಕವು ಅದಕ್ಕಿಂತಲೂ ವ ೇಗವಾಗಿ ಮುಂದಕ್ಕೆ ಓಡುತ್ತಿರುವುದು. ಅವಕಾಶ ಪಡೆಯದ ಗುಂಪಿನ ಕೆಳಗಿನ ಮೂರನೆಯ ಒಂದು ಭಾಗದ ಮಕ್ಕಳು, ದಿನವೂ ಶಾಲೆಗೆ ಸೇರಿದವರಾಗಿದ್ದರೂ, ಆ ಅವಧಿಯಲ್ಲಿ ಏನನ್ನೂ ಕಲಿತಂತೆ ಕಂಡುಬರಲಿಲ್ಲ. ಯಂತ್ರವು ಮಾಡಿದ ಉಪಕಾರವೆಂದರೆ ಆರನೆಯ ತರಗತಿಯ ಬೆಂಚಿನ ಮೇಲೆ ಕುಳಿತ ಮಗುವಿಗೆ ನಾಚಿಕೆಯಾಗದಂತೆ ಮೂರನೆಯ ತರಗತಿಯ ಲೆಕ್ಕವನ್ನು ಕೊಟ್ಟುದು. ಮನುಷ್ಯನಾದ ಉಪಾಧ್ಯಾಯನು ನಲವತ್ತು ಮಂದಿಯ ನಡುವೆ, ಪಾಠಪಟ್ಟಿಯನ್ನು ಮುಗಿಸಬೇಕಾದ ಭಯದಲ್ಲಿ, ಇದನ್ನು ಮಾಡಲಾರನು.

ಇದರ ಜೊತೆಗೆ ಇನ್ನೊಂದು ಸಂಗತಿಯುಂಟು; ಯಂತ್ರವನ್ನು ಹೊಗಳುವವರು ಅದನ್ನು ಅಷ್ಟಾಗಿ ಎತ್ತುವುದಿಲ್ಲ. ಶಾಲೆಯವರೇ ನಡಸಿದ ವರ್ಷಾಂತ್ಯದ ಪರೀಕ್ಷೆಯಲ್ಲಿ ಈ ಮಕ್ಕಳಿಗೆ ಹಿಂದಿಯಲ್ಲಿ ಲಾಭ ಕಂಡಿತು, ಗಣಿತದಲ್ಲಿ ಗಣ್ಯವಾದ ಲಾಭ ಕಾಣಲಿಲ್ಲ. ಕಾರಣವು ಸ್ಪಷ್ಟವಾಗಿದೆ. ಮಗು ಮೂರನೆಯ ತರಗತಿಯಿಂದ ನಾಲ್ಕಕ್ಕೆ ಏರಿದೆ. ಪ್ರಶ್ನಪತ್ರಿಕೆಯು ಆರನ್ನೇ ಕೇಳುತ್ತದೆ. ನಿಜವಾಗಿ ಕಲಿತ ಮಗುವಿನ ಕೈಗೆ ಶಾಲೆಯು ಹಿಂದಿನಂತೆಯೇ ಸೊನ್ನೆಯನ್ನು ಕೊಟ್ಟು ಕಳುಹಿಸಿತು. ಬಳ್ಳಾರಿಯ ಅಂಗೈಯ ಸೊನ್ನೆಗಾದರೂ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂಬ ಅರ್ಥವಿದ್ದಿತು. ಇಲ್ಲಿ ತಪ್ಪು ಯಂತ್ರದ್ದಲ್ಲ, ತರಗತಿಯೆಂಬ ಕಟ್ಟಳೆಯದು.

ಹೀಗಿರಲಾಗಿ ದೆಹಲಿಯ ಪರೀಕ್ಷೆಯಿಂದ ಸಿದ್ಧವಾದುದು ಯಾವುದು, ಸಿದ್ಧವಾಗದೆ ಉಳಿದುದು ಯಾವುದು ಎಂಬುದನ್ನು ಬೇರ್ಪಡಿಸಬೇಕು. ಮೈಂಡ್‌ಸ್ಪಾರ್ಕಿನ ರಚಕರು ತಮ್ಮ ಯಂತ್ರವು ಮಕ್ಕಳ ತಪ್ಪುಗಳ ಬಗೆಯನ್ನೂ ಪರಿಶೀಲಿಸಿ ಪಾಠವನ್ನು ಆಯುವುದೆಂದು ಹೇಳುತ್ತಾರೆ. ಅದನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಪರೀಕ್ಷೆಯು ಅಳೆದುದು ಮಟ್ಟದ ಹೊಂದಾಣಿಕೆ, ತಪ್ಪಿನ ಪರಿಶೀಲನೆ, ಬೋಧಕರ ಗುಂಪುಪಾಠ ಇವೆಲ್ಲ ಸೇರಿದ ಒಟ್ಟು ಫಲವನ್ನು; ಒಂದೊಂದರ ಪಾಲು ಎಷ್ಟೆಂಬುದನ್ನು ಅದು ಬಿಡಿಸಿ ಹೇಳಲಾರದು. ಪ್ರಬಂಧಕಾರರೇ ಇದನ್ನು ಒಪ್ಪಿಕೊಂಡಿರುವರು. ಮೂರು ವರ್ಷ ಹಿಂದುಳಿದ ಮಗುವಿಗೆ ಮಟ್ಟದ ಹೊಂದಾಣಿಕೆಯೊಂದೇ ಅಮೃತವಾದೀತು. ಬೆನ್ನಿಯಂಥವನು, ಮಟ್ಟದಲ್ಲಿ ಎಲ್ಲರಿಗಿಂತ ಮುಂದಿರುವವನು, ಅದರಿಂದ ಬದುಕುವುದಿಲ್ಲ. ಅವನನ್ನು ಕಂಡುಹಿಡಿಯಲು, ಹೀಗೇಕೆ ಬರೆದೆ ಎಂಬ ಪ್ರಶ್ನೆ ಬೇಕು. ೨೦೨೩ರಿಂದೀಚೆಗೆ ಮಾತನಾಡಬಲ್ಲ ಭಾಷಾಯಂತ್ರಗಳು ಶಾಲೆಯ ಬಾಗಿಲಿಗೆ ಬಂದಿರುವುದರಿಂದ ಈ ಪ್ರಶ್ನೆಯನ್ನು ಯಂತ್ರದ ಬಾಯಿಂದಲೇ ಕೇಳಿಸುವುದು ಅಸಾಧ್ಯವಾಗಿ ಉಳಿದಿಲ್ಲ. ಕೇಳುವುದು ಸುಲಭ, ಹನ್ನೆರಡು ವರ್ಷದ ಹುಡುಗನು ಕೊಟ್ಟ ವಿಚಿತ್ರವಾದ ಕಾರಣವನ್ನು ತಾಳ್ಮೆಯಿಂದ ಹಿಂಬಾಲಿಸುವುದು ಅಷ್ಟು ಸುಲಭವಲ್ಲ.

ಈ ಸಾಧನಗಳು ಕನ್ನಡವನ್ನಾಡತೊಡಗಿದಾಗ ಈ ವಿಷಯವು ಇನ್ನೂ ತೊಡಕಾಗುವುದು. ಏಕೆಂದರೆ ಲೆಕ್ಕದ ತಪ್ಪುಗಳಲ್ಲಿ ಕೆಲವು ಭಾಷೆಯೊಳಗಿಂದ ಬರುತ್ತವೆ. ಒಂದು ಭಾಷೆಯ ಮಕ್ಕಳಿಗಾಗಿ ಮಾಡಿದ ತಪ್ಪುಗಳ ಪಟ್ಟಿಯನ್ನು ಇನ್ನೊಂದು ಭಾಷೆಗೆ ಪದಶಃ ತಿರುಗಿಸಿದರೆ ಅವು ಅದರಲ್ಲಿ ಸಿಕ್ಕುವುದಿಲ್ಲ. ಹಿಂದಿಯಲ್ಲಿ ನೂರರವರೆಗಿನ ಒಂದೊಂದು ಸಂಖ್ಯೆಯ ಹೆಸರನ್ನೂ ಹೆಚ್ಚು ಕಡಮೆ ಬೇರೆಯಾಗಿಯೇ ನೆನಪಿಡಬೇಕು; ಕನ್ನಡದಲ್ಲಿ ಇಪ್ಪತ್ತನ್ನು ದಾಟಿದ ಮೇಲೆ ಹತ್ತರ ಹೆಸರಿಗೆ ಬಿಡಿಯ ಹೆಸರನ್ನು ಸೇರಿಸಿದರಾಯಿತು. ಇದು ಕನ್ನಡದ ಮಗುವಿಗೆ ಒಂದು ಅನುಕೂಲ. ಆದರೆ ಹಾಗೆ ಸೇರಿಸುವ ಅಭ್ಯಾಸದಿಂದಲೇ ನೂರೈದು ಎಂದು ಕೇಳಿದ ಮಗು ನೂರನ್ನೂ ಐದನ್ನೂ ಒಂದರ ಪಕ್ಕದಲ್ಲೊಂದನ್ನಿಟ್ಟು ೧೦೦೫ ಎಂದು ಬರೆಯಬಹುದು. ಇಂಗ್ಲಿಷಿನಲ್ಲಿ ೨/೩ನ್ನು ಓದುವಾಗ ಅಂಶವು ಮೊದಲು ಬರುವುದು, ಛೇದವು ಆಮೇಲೆ; ಕನ್ನಡದಲ್ಲಿ ಮೂರನೆಯ ಎರಡು ಎಂದು ಛೇದವೇ ಮೊದಲು. ಇದನ್ನು ಕಿವಿಯಿಂದ ಕೇಳಿ ೩/೨ ಎಂದು ಬರೆದ ಮಗುವಿಗೆ ಭಿನ್ನರಾಶಿಯು ತಿಳಿಯದೆಂದು ಬಗೆದು, ರೊಟ್ಟಿಯನ್ನು ಕತ್ತರಿಸಿ ತೋರಿಸುವ ಮೊದಲನೆಯ ಪಾಠಕ್ಕೆ ಅದನ್ನು ಅಟ್ಟುವ ಯಂತ್ರವು ಅನುವರ್ತಿಯಲ್ಲ.

ಇನ್ನು ಕಾಲು, ಅರೆ, ಮುಕ್ಕಾಲು ಎಂಬ ಹೆಸರುಗಳನ್ನು ನೋಡಬಹುದು. ಮುಕ್ಕಾಲೆಂದರೆ ಮೂರು ಕಾಲು ಎಂಬುದು ಮಾತಿನಲ್ಲಿಯೇ ಅಡಗಿದೆ. ಹಳೆಯ ಮಗ್ಗಿಗಳಲ್ಲಿ ಇವುಗಳಿಗೆ ಬೇರೆ ಬೇರೆ ಕೋಷ್ಟಕಗಳೇ ಇದ್ದುವು. ಇಂದಿಗೂ ಸಂತೆಯಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ತರಕಾರಿ ತೂಗುವ ಮಗುವಿಗೆ ಇವು ದಿನದ ಮಾತು. ಅಂಥ ಮಗುವಿಗೆ ೩/೪ಕ್ಕೆ ೧/೪ನ್ನು ಕೂಡಿಸೆಂದು ಅಂಕೆಗಳಲ್ಲಿ ಕೊಟ್ಟರೆ, ಮೇಲಿನವೆರಡನ್ನೂ ಕೆಳಗಿನವೆರಡನ್ನೂ ಸೇರಿಸಿ ೪/೮ ಎಂದು ಬರೆಯಬಹುದು. ಅದೇ ಮಗುವನ್ನು ಅದೇ ಗಳಿಗೆಯಲ್ಲಿ, ಮುಕ್ಕಾಲು ಕಿಲೋಗೆ ಇನ್ನೊಂದು ಕಾಲು ಕಿಲೋ ಹಾಕಿದರೆ ಎಷ್ಟಾಯಿತೆಂದು ಬಾಯಿಮಾತಿನಲ್ಲಿ ಕೇಳಿದರೆ, ತಡವಿಲ್ಲದೆ ಒಂದು ಕಿಲೋ ಎನ್ನುವುದು. ಯಂತ್ರದ ಕಡತದಲ್ಲಿ ಈ ಎರಡು ಉತ್ತರಗಳಲ್ಲಿ ಮೊದಲನೆಯದೊಂದೇ ದಾಖಲಾಗಿರುತ್ತದೆ.